ಉಂಗುರದ ಪಾಳಿ

ಮೈಲೋ ವೊಂಡ್ರಾಚೆಕ್‌ಗೆ ಅವತ್ತು ಮಧ್ಯಾಹ್ನ ಮದುವೆ. ವರ ಮಹಾಶಯ ಮಾತ್ರ ನೆಬ್ರಾಸ್ಕಾದ ಜೋಳದ ಹೊಲಗಳ ಮೇಲೆ, ಮೋಡಕ್ಕಿಂತ ಎತ್ತರದಲ್ಲಿ, ಕಿವಿಗೆ ರೇಡಿಯೋ ಸಿಕ್ಕಿಸಿಕೊಂಡು ಹಾರುತ್ತಿದ್ದ. ರಷ್ಯಾದವರು ಅಣುಬಾಂಬ್ ಹಾಕಿ ಒಮಾಹಾದ ಕೇಂದ್ರ ಕಚೇರಿಯನ್ನು ಬೂದಿ ಮಾಡಿದರೂ ಯುದ್ಧ ನಡೆಸಲು ಒಬ್ಬ ಜನರಲ್ ಉಳಿದಿರಬೇಕಲ್ಲ, ಅದಕ್ಕೇ ಹಗಲೂ ರಾತ್ರಿ ಒಂದು ವಿಮಾನ ಆಕಾಶದಲ್ಲಿರಲೇಬೇಕು. ಬದಲಿ ವಿಮಾನ ಮೇಲೇರದೆ ಮೊದಲಿನದು ಇಳಿಯುವಂತಿಲ್ಲ. ಈ ಹಾಳು ನಿಯಮದಿಂದ ಮೈಲೋನ ಮದುವೆ ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು.

"ಈ ಸಲವೂ ಕೆಳಗೆ ಬರದಿದ್ರೆ ಅಲ್ಲೇ ಮೇಲೇ ಸಂಸಾರ ಮಾಡ್ಕೋ," ಎಂದಿದ್ದಳು ವಧು ಆರ್ಲೀನ್. ತಮಾಷೆಗೆ ಹೇಳಿದ ಮಾತಲ್ಲ.

ಇಳಿಯುವ ಹೊತ್ತಾಯಿತು. ಬದಲಿ ವಿಮಾನದ ಸುಳಿವೇ ಇಲ್ಲ.

"ಅವರ ರೇಡಿಯೋದವನು ಬಂದಿಲ್ವಂತೆ," ಜನರಲ್ ಟಟ್‌ಹಿಲ್ ಗೊಣಗಿದರು. "ಎಲ್ಲಿ ಹಾಳಾಗಿ ಹೋದ ಆ ಲೆನ್ನಿ?"

ಮೈಲೋ ಹಣೆ ಚಚ್ಚಿಕೊಂಡ. ಆಮೇಲೆ ತಡೆಯಲಾರದ ನಗು ಬಂತು.

"ನಂಗೊತ್ತು ಸಾರ್. ಚರ್ಚಲ್ಲಿದ್ದಾನೆ. ಹೊಸ ಸೂಟ್ ಹಾಕ್ಕೊಂಡು ನನ್ನನ್ನೇ ಕಾಯ್ತಿದ್ದಾನೆ. ನನ್ನ ಮದುವೇಲಿ ವರನ ಜೊತೆಗಾರ ಅವನೇ!"

"ಲೋ ಮಂಕೇ! ಅವನು ಮೇಲೆ ಬಂದ್ರೆ ತಾನೇ ನೀನು ಕೆಳಗೆ ಹೋಗೋದು?"

ಹೌದಲ್ಲ! ಒಬ್ಬ ಮೇಲಿದ್ದಾಗ ಇನ್ನೊಬ್ಬ ಕೆಳಗೆ. ಪಾಳಿ ಬದಲಾಗುವಾಗ ರೇಡಿಯೋದಲ್ಲಿ ಎರಡು ಮಾತು, ಒಂದು ಬೈಗುಳ. ಹಾಗೆಯೇ ವರ್ಷಗಟ್ಟಲೆ ಬೆಳೆದ ಗೆಳೆತನ. ಮದುವೆಯ ಸಡಗರದಲ್ಲಿ ಕರೆದ ಇವನಿಗೂ ಹೊಳೆಯಲಿಲ್ಲ, "ಆಯ್ತು ಬಿಡೋ" ಎಂದ ಆ ಪುಣ್ಯಾತ್ಮನಿಗೂ ಹೊಳೆಯಲಿಲ್ಲ.

ಜನರಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. ರೇಡಿಯೋದಲ್ಲಿ ಸುದ್ದಿ ಹೋಗಿ, ಕೆಳಗೆ ಒಂದು ಜೀಪು ಲೆನ್ನಿಯನ್ನು ಕರೆತರಲು ಚರ್ಚಿಗೆ ಓಡಿತು. ಕೊನೆಗೂ ರೇಡಿಯೋ ಕರಕರ ಎಂದಿತು.

"ಬಂದೆ ಕಣೋ, ಮೇಲೆ ಬಂದೆ! ಸೂಟಲ್ಲೇ ಇದೀನಿ. ಬೇಗ ಇಳಿಯೋ, ಪಾದ್ರಿ ಗಡಿಯಾರ ನೋಡ್ತಿದಾರೆ. ಅಯ್ಯಯ್ಯೋ!"

"ಏನಾಯ್ತೋ?"

"ನೀನು ಕೊಟ್ಟ ಮದುವೆ ಉಂಗುರ ನನ್ನ ಜೇಬಲ್ಲೇ ಇದೆ ಕಣೋ!"

ವಿಮಾನ ಇಳಿದದ್ದೇ ತಡ, ಜನರಲ್ ತಮ್ಮ ಕಾರಿನಲ್ಲೇ ವರನನ್ನು ಕೂರಿಸಿಕೊಂಡು ಹೊರಟರು. ಚರ್ಚಿನ ಮೆಟ್ಟಿಲ ಮೇಲೆ ಆರ್ಲೀನ್ ಬಿಳಿ ಗೌನನ್ನು ಮಂಡಿಗೆ ಎತ್ತಿಕೊಂಡು, ಅಮ್ಮ ಮಾಡಿದ ಗಸಗಸೆ ತುಂಬಿದ ಕೊಲಾಚೆ ಬನ್ನನ್ನು ಸಿಟ್ಟಿನಿಂದ ಜಗಿಯುತ್ತ ಕೂತಿದ್ದಳು. ಮೈಲೋ ಸಮವಸ್ತ್ರದಲ್ಲೇ ಓಡಿ ಬಂದು ಏದುಸಿರು ಬಿಟ್ಟ.

"ಆರ್ಲೀನ್, ಉಂಗುರ..." ಎಂದು ಆಕಾಶದತ್ತ ಬೆರಳು ತೋರಿಸಿದ.

ಅವಳು ತಲೆಯೆತ್ತಿ ನೋಡಿದಳು. ಆಮೇಲೆ ಅವನನ್ನು ನೋಡಿದಳು. ನಗು ಉಕ್ಕಿತು, ಅದರ ಜೊತೆಗೇ ಕಣ್ಣೀರೂ ಬಂತು.

"ಉಂಗುರದ ಪಾಳಿ ತಾನೇ? ಮುಗಿಸ್ಕೊಂಡು ಬರ್ಲಿ ಬಿಡು. ನೀನು ಬಂದ್ಯಲ್ಲ, ನಡಿ ಒಳಗೆ."