ಇಲಾರಿಯೋ ಪರದೆಗೆ ಬಂದ ಸಂಜೆ

ಅಮೆರಿಕದ ಫ್ರೆಸ್ನೋದ ಸ್ಪ್ಯಾನಿಷ್ ಚಾನೆಲ್ ನೋಡುವವರಲ್ಲಿ ಇಲಾರಿಯೋನ ದನಿ ಕೇಳದವರಿರಲಿಲ್ಲ, ಮುಖ ಕಂಡವರೂ ಇರಲಿಲ್ಲ. ಸುದ್ದಿ ತರುವವನು, ಬರೆಯುವವನು, ಓದುವವನು ಎಲ್ಲ ಅವನೇ. ಪರದೆಯ ಮೇಲೆ ಮಾತ್ರ ಬೇರೆ ಚಿತ್ರಗಳು ಓಡುತ್ತಿದ್ದವು. ಮೆಕ್ಸಿಕೋದ ಕರಾವಳಿಯ ಕುವಾಹಿಯಲ್ಲಿ ಹುಟ್ಟಿದ ಕಪ್ಪು ಹುಡುಗ ಅವನು. “ನಂಗೇನೂ ಇಲ್ಲಪ್ಪ, ನೀನು ಮೆಕ್ಸಿಕೋದವನು ಅಂತ ನೋಡೋ ಜನ ನಂಬಲ್ಲ,” ಎನ್ನುತ್ತಿದ್ದಳು ಸಂಪಾದಕಿ ಮಿರೇಯಾ. ತಮ್ಮ ಪುಕ್ಕಲುತನಕ್ಕೆ ಜನರ ಹೆಸರು ಹೇಳುವ ಸಂಪಾದಕರಿಗೆ ಯಾವ ಊರಿನಲ್ಲೂ ಬರವಿಲ್ಲ ಬಿಡಿ.

ಫೆಬ್ರವರಿಯ ಕಾಂದೆಲಾರಿಯಾ ಹಬ್ಬದ ದಿನ, ನೇರಪ್ರಸಾರಗಳಲ್ಲಿ ಪರದೆಯ ಮೇಲೆ ಬರುವ ಹುಡುಗಿ ಜ್ವರ ಬಂದು ಮಲಗಿದಳು. ಬೇರೆ ಗತಿಯಿಲ್ಲದೆ ಮಿರೇಯಾ ನೇರಪ್ರಸಾರಕ್ಕೆ ಇಲಾರಿಯೋನನ್ನು ಮೆಕ್ಸಿಕೋದಿಂದ ಬಂದು ಅಲ್ಲೇ ನೆಲೆಸಿದ್ದ ಎಫ್ರೋಸಿನಾ ಅಜ್ಜಿಯ ಅಡುಗೆಮನೆಗೆ ಕಳಿಸಿದಳು. ಜನವರಿಯ ಹಬ್ಬದ ರೊಟ್ಟಿಯಲ್ಲಿ ಪುಟ್ಟ ಗೊಂಬೆ ಯಾರ ಪಾಲಿಗೆ ಬರುತ್ತದೋ ಅವರು ಈ ದಿನ ಎಲ್ಲರಿಗೂ ತಮಾಲೆ, ಅಂದರೆ ಸಿಪ್ಪೆಯಲ್ಲಿ ಸುತ್ತಿದ ಮೆಕ್ಕೆಜೋಳದ ಕಡುಬು, ಬೇಯಿಸಿ ಹಾಕಬೇಕು. ಈ ಸಲ ಗೊಂಬೆ ಸಿಕ್ಕಿದ್ದು ಅಜ್ಜಿಗೆ.

“ಚೆನ್ನಾಗಿ ಮಾಡಿದ್ರೆ ಇನ್ಮೇಲೆ ನೀನೇ ಪರದೆ ಮೇಲೆ. ಆದ್ರೆ ನಿನ್ನ ಮನೆ ವಿಷಯ ಮಾತ್ರ ಎತ್ತಬೇಡ,” ಎಂದಿದ್ದಳು ಮಿರೇಯಾ. ಅವನ ಮನೆಯಲ್ಲಿ ನಾಬೋರ್ ಇದ್ದಾನೆಂದು ಅವಳಿಗೆ ಗೊತ್ತಿತ್ತು.

ಪ್ರಸಾರ ಶುರುವಾಯಿತು. ಇಲಾರಿಯೋ ಎರಡು ಮಾತಾಡುವಷ್ಟರಲ್ಲಿ ಅಜ್ಜಿ ಬೆರಗಾಗಿ ಕೇಳಿದಳು: “ಎಷ್ಟು ಚೆನ್ನಾಗಿ ನಮ್ ಭಾಷೆ ಆಡ್ತೀಯೋ! ಯಾರು ಕಲಿಸಿದ್ರು?”

ಇಡೀ ಊರು ನೋಡುತ್ತಿತ್ತು. ಅವನ ಮುಖ ಬಿಸಿಯಾಯಿತು.

“ನಮ್ಮಮ್ಮ, ಅಜ್ಜಿ. ಕುವಾಹಿಯವನು ನಾನು.”

“ಅಯ್ಯೋ, ನಮ್ಮವನೇ! ನನ್ ಬಾಯಿಗಿಷ್ಟು ಮಣ್ಣು ಹಾಕ!” ಎಂದು ಕೆನ್ನೆ ತಟ್ಟಿಕೊಂಡ ಅಜ್ಜಿ, ಹಬೆಯಾಡುವ ಹಂಡೆಯಿಂದ ತಮಾಲೆ ತೆಗೆಯತೊಡಗಿದಳು. “ತಡಿ, ನಿನ್ ಹೆಂಡ್ತಿಗೂ ಕಟ್ಟಿಕೊಡ್ತೀನಿ. ಏನವಳ ಹೆಸ್ರು?”

“ಯಾವುದೋ ಒಂದು ಹೆಸ್ರು ಹೇಳಿ ಮುಗಿಸೋ,” ಎಂದಳು ಮಿರೇಯಾ ಕಚೇರಿಯಿಂದ, ಅವನ ಕಿವಿಯ ಇಯರ್‌ಫೋನಿನೊಳಗೆ.

ಅದು ಸುಲಭವಾಗಿತ್ತು. ಆದರೆ ಮನೆಯಲ್ಲಿ ನಾಬೋರ್ ಕೆಲಸಕ್ಕೆ ರಜೆ ಹಾಕಿ, ಟೀವಿಯಲ್ಲಿ ತಾನೇ ಬರುವವನ ಹಾಗೆ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ.

“ಹೆಂಡ್ತಿ ಅಲ್ಲ ಅಜ್ಜಿ, ಗಂಡ. ನಾಬೋರ್ ಅಂತ.”

ತಮಾಲೆ ಸುತ್ತುತ್ತಿದ್ದ ಸೊಸೆಯರ ಕೈ ನಿಂತಿತು. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕೆಲಸ ಹೋಯಿತು ಎಂದುಕೊಂಡ ಇಲಾರಿಯೋ.

“ಖಾರ ತಿಂತಾನಾ?”

“ನನಗಿಂತ ಜಾಸ್ತಿ.”

“ಮತ್ತೆ ಮೊದ್ಲೇ ಹೇಳಬಾರ್ದಾ? ಸಿಹೀದು ಹಾಕ್ತಿದ್ನಲ್ಲೋ!” ಅಜ್ಜಿ ಸಿಹಿಯವನ್ನು ಬದಿಗಿಟ್ಟು, ಕೆಂಪು ಮೆಣಸಿನಕಾಯಿ ಹಾಕಿದ ಹಂದಿಮಾಂಸದವನ್ನು ಕಟ್ಟಿದಳು. “ಹಬ್ಬದ ದಿನ ಅವನೊಬ್ಬನ್ನೇ ಮನೇಲಿ ಬಿಟ್ಟು ಬಂದಿದೀಯಲ್ಲ, ನಾಚ್ಕೆ ಆಗಲ್ವಾ?”

ಇಲಾರಿಯೋ ವಾರ್ತೆ ಮುಗಿಸುವ ಮಾತು ಬಿಟ್ಟು, ಹಿಟ್ಟು ಮೆತ್ತಿದ ಅಜ್ಜಿಯ ಕೈ ಹಿಡಿದು, “ನಿಮ್ಮ ಹೊಟ್ಟೆ ತಣ್ಣಗಿರಲಿ,” ಎಂದ. ಕಣ್ಣೀರು ಸುಮ್ಮನೆ ಇಳಿಯುತ್ತಿತ್ತು. ಮಿರೇಯಾ ಇಷ್ಟು ಹೊತ್ತಿಗೆ ಪರದೆಯಿಂದ ಅವನ ಮುಖ ತೆಗೆದು ಯಾವುದೋ ಚಿತ್ರ ಹಾಕಿರುತ್ತಾಳೆ ಎಂದೇ ಅವನೆಣಿಕೆ.

ಕಿವಿಯೊಳಗೆ ಕಚೇರಿಯ ಫೋನುಗಳು ಬಡಿದುಕೊಳ್ಳುವುದು ಕೇಳಿಸಿತು. “ಬೈಯೋರು ಬೈತಿದಾರೆ, ಅಜ್ಜಿ ವಿಳಾಸ ಕೇಳೋರು ಕೇಳ್ತಿದಾರೆ,” ಎಂದಳು ಮಿರೇಯಾ. ಅವಳ ದನಿಯೂ ನೆಟ್ಟಗಿರಲಿಲ್ಲ. “ಚಿತ್ರ ಹಾಕಿಲ್ಲ ಕಣೋ, ಹಾಕೋದೂ ಇಲ್ಲ. ಕಣ್ಣೊರೆಸ್ಕೊಂಡು ನಿನ್ ಹೆಸ್ರು ಹೇಳು.”

ಇಲಾರಿಯೋ ಕಣ್ಣೊರೆಸಿಕೊಳ್ಳದೆಯೇ ಹೇಳಿದ.