ಮರೆಗುಳಿ ದರ್ಜಿಯ ರಕ್ತಪರೀಕ್ಷೆ

ನಮ್ಮ ಚಿಕ್ಕಪ್ಪನಂಥ ಮರೆಗುಳಿ ದರ್ಜಿ ಇನ್ನೊಬ್ಬನಿರಲಾರ. ಟೇಪು ಕೊರಳಲ್ಲೇ ನೇತಾಡುತ್ತಿದ್ದರೂ ಅಂಗಡಿಯೆಲ್ಲ ತಡಕುತ್ತಾನೆ. ರವಿಕೆ ಹೊಲಿಸಲು ಬಂದ ಶಾಲೆಯ ಟೀಚರಮ್ಮನ ತೋಳಿನ ಅಳತೆ ಮರೆತೆನೆಂದು ಅವರನ್ನು ಮೂರು ಸಲ ಕರೆಸಿದ. ಮೂರನೆಯ ಸಲಕ್ಕೆ ಇಬ್ಬರಿಗೂ ಮಾತು ಬೆಳೆದು, ಐವತ್ತೆರಡರ ಈ ಬ್ರಹ್ಮಚಾರಿಗೆ ಮದುವೆ ಗೊತ್ತಾಯಿತು.

ಮೊದಲು ಇಬ್ಬರ ರಕ್ತಪರೀಕ್ಷೆ ಆಗಲೇಬೇಕೆಂದು ಟೀಚರಮ್ಮ ಪಟ್ಟು ಹಿಡಿದರು. ಬಂದದ್ದು ನಾನು ಕೆಲಸ ಮಾಡುವ ಲ್ಯಾಬಿಗೇ. ಸಿಫಿಲಿಸ್ ಎಂಬ ಲೈಂಗಿಕ ರೋಗ ಪತ್ತೆಹಚ್ಚುವ ಚಿಕ್ಕಪ್ಪನ ಕಾರ್ಡಿನಲ್ಲಿ ಒಂದು ಗೆರೆ ಇರಬೇಕಾದಲ್ಲಿ ಎರಡು ಮೂಡಿದವು.

ಅವನೊಬ್ಬನನ್ನೇ ಒಳಗೆ ಕರೆದು ಕೇಳಿದೆ. ತಲೆ ಕೆರೆದುಕೊಂಡು, ಇಪ್ಪತ್ತು ವರ್ಷದ ಹಿಂದೆ ಆ ಕಾಯಿಲೆ ಬಂದಿತ್ತೆಂದೂ ಡಾಕ್ಟರು ಇಂಜೆಕ್ಷನ್ ಕೊಟ್ಟು ವಾಸಿಮಾಡಿದರೆಂದೂ ಒಪ್ಪಿಕೊಂಡ. ನನಗೆ ಮೈಯೆಲ್ಲ ಉರಿಯಿತು. ರಕ್ತ ತೆಗೆಯುವ ಮುಂಚೆ ಹಳೆ ಕಾಯಿಲೆಗಳ ಬಗ್ಗೆ ಎರಡು ಸಲ ಕೇಳಿದ್ದೆ, ಮರೆತಿದ್ದನಂತೆ.

“ನೀನು ಮರೆತರೂ ನಿನ್ನ ಬಿಳಿ ರಕ್ತಕಣಗಳು ಮರೆತಿಲ್ಲ ಚಿಕ್ಕಪ್ಪ. ರೋಗಾಣು ಸತ್ತು ಎಷ್ಟು ವರ್ಷ ಆದ್ರೂ ಅದರ ಗುರುತು ಇಟ್ಕೊಂಡಿರ್ತವೆ. ಈ ಕಾರ್ಡಲ್ಲಿ ಕಾಣೋದು ಆ ನೆನಪು.”

ರೋಗ ಈಗಲೂ ಇದೆಯೇ ಎಂದು ತಿಳಿಯಲು ಇನ್ನೊಂದು ಪರೀಕ್ಷೆ ಇಟ್ಟೆ. ರಕ್ತದ ತಿಳಿಗೆ ಇದ್ದಿಲಿನ ಕರಿಪುಡಿ ಇರುವ ದ್ರವ ಬೆರೆಸಿ ಎಂಟು ನಿಮಿಷ ತಿರುಗಿಸಿದ ಮೇಲೆ ಪುಡಿ ಗುಂಪು ಕಟ್ಟಿದರೆ ಕೆಟ್ಟ ಸುದ್ದಿ. ಗುಂಪು ಕಟ್ಟಲಿಲ್ಲ, ರೋಗವಿರಲಿಲ್ಲ.

ಹೋದ ಜೀವ ಬಂದದ್ದೇ ತಡ, ಆ ಕಾರ್ಡನ್ನು ಬುಟ್ಟಿಗೆ ಹಾಕಿ ಸುಮ್ಮನಿರು ಎಂದು ಗೋಗರೆದ. ರಿಪೋರ್ಟು ತಿದ್ದುವುದಿಲ್ಲ, ಅವರಿಗೆ ನೀನೇ ಹೇಳು ಎಂದು ಆಚೆ ದಬ್ಬಿದೆ. ಪಾಪ ಅನಿಸಿತು, ಆದರೂ ದಬ್ಬಿದೆ.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಟೀಚರಮ್ಮನಿಗೆ ತಡವರಿಸುತ್ತಾ ಎಲ್ಲ ಹೇಳಿದ. ಕಣಗಳ ನೆನಪಿನ ಕತೆಯನ್ನೂ ಬಿಡಲಿಲ್ಲ. ಟೀಚರಮ್ಮ ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದರು. ಹೇಳು ಎಂದು ಚಿಕ್ಕಪ್ಪ ತಲೆಯಾಡಿಸಿದ ಮೇಲೆ, ಹೇಳಿದ್ದೆಲ್ಲ ನಿಜ ಎಂದೆ. ಅವರು ಕೈಚೀಲದ ಹಿಡಿ ತಿರುಚುತ್ತಾ ಅವನ ಕಡೆ ತಿರುಗಿದರು.

“ನಿಮ್ಮ ರಕ್ತಕ್ಕೆ ಇಪ್ಪತ್ತು ವರ್ಷದ್ದು ನೆನಪಿದೆ. ನಿಮಗೆ ನನ್ನ ತೋಳಿನ ಅಳತೆ ಮೂರು ದಿನ ನೆನಪಿರಲಿಲ್ಲ. ನಿಮ್ಮನ್ನ ಹೇಗೆ ನಂಬಲಿ?”

ಚಿಕ್ಕಪ್ಪ ನೆಲ ನೋಡುತ್ತಾ ಹೇಳಿದ: “ಉದ್ದ ಹತ್ತು, ಸುತ್ತು ಹನ್ನೊಂದೂವರೆ. ಮೊದಲನೇ ದಿನದಿಂದಲೂ ನೆನಪಿದೆ.”

ಟೀಚರಮ್ಮನ ಕಿವಿ ಕೆಂಪಾಯಿತು. ನನಗೆ ತಟ್ಟನೆ ಹೊಳೆಯಿತು: ಹಾಗಾದರೆ ಕಾಯಿಲೆಯನ್ನೂ ಈ ಮಹಾನುಭಾವ ಮರೆತಿರಲಿಲ್ಲ. ಅದು ಅವರಿಗೂ ಹೊಳೆದಿರಬೇಕು.

“ಇನ್ಮೇಲೆ ನಿಮ್ಮ ಮರೆವಿನ ಆಟ ನನ್ನ ಹತ್ತಿರ ನಡೆಯಲ್ಲ. ಏಳಿ,” ಎಂದರು.

ಇಬ್ಬರೂ ಒಟ್ಟಿಗೆ ಹೊರಟರು. ಚಿಕ್ಕಪ್ಪನ ಕನ್ನಡಕ ನನ್ನ ಮೇಜಿನ ಮೇಲೇ ಉಳಿದಿತ್ತು. ಅಷ್ಟನ್ನು ಮಾತ್ರ ಅವನು ನಿಜವಾಗಿ ಮರೆತಿದ್ದ.