ಮೇಷ್ಟ್ರ ಬೀಗ

ಗೋಡೆಯ ಮೇಲಿನ ದೊಡ್ಡ ಪರದೆ ಬೆಳ್ಳಗೆ ಹೊತ್ತಿಕೊಂಡು ಬೆಳ್ಳಗೇ ಉಳಿಯಿತು. ಮೇಷ್ಟ್ರು ಇನ್ನೊಮ್ಮೆ ಕೀಲಿ ಒತ್ತಿದರು. ಮೇಜಿನ ಸುತ್ತ ಕೂತಿದ್ದ ಆರು ಜನರಲ್ಲಿ ಯಾರೋ ಕೆಮ್ಮಿದರು.

"ಇಂಟರ್ನೆಟ್ ತೊಂದರೆ ಇರಬಹುದು," ಎಂದರು.

"ಇಂಟರ್ನೆಟ್ ಸರಿಯಾಗೇ ಇದೆ ಸರ್," ಎಂದಿತು ಒಂದು ದನಿ.

ಅವರೇನೂ ಪಾಠ ಹೇಳುವ ಮೇಷ್ಟ್ರಲ್ಲ. ಇಪ್ಪತ್ತೆರಡು ವರ್ಷದಿಂದ ಈ ಕಂಪನಿಯಲ್ಲಿ ವೆಬ್ ಪುಟಗಳನ್ನು ಕಟ್ಟುತ್ತಿದ್ದವರು. ಕೆಲಸಕ್ಕೆ ಸೇರಿದವರೆಲ್ಲ ಮೊದಲ ಅಕ್ಷರ ಅವರ ಪಕ್ಕ ಕೂತೇ ತಿದ್ದಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಈಗ ವಿಭಾಗದ ಮುಖ್ಯಸ್ಥೆಯಾಗಿ ಎದುರಿಗೆ ಕೂತವಳೂ ಅವರ ಶಿಷ್ಯೆಯೇ.

ಮೂರು ತಿಂಗಳ ಹಿಂದೆ ಅವಳೇ ಕರೆದು ಹೇಳಿದ್ದಳು: "ಮೇಷ್ಟ್ರೇ, ಆಸ್ಪತ್ರೆಯವರ ಪುಟಗಳನ್ನ ಹೊಸ ಫ್ರೇಮ್‌ವರ್ಕಲ್ಲಿ ಕಟ್ಟಿ ತೋರಿಸಿ. ಆಗ ನಿಮ್ಮನ್ನ ಉಳಿಸ್ಕೊಳ್ಳಿ ಅಂತ ಮೇಲಿನವರ ಹತ್ರ ಕೇಳೋಕೆ ನನಗೊಂದು ಬಾಯಿ ಇರುತ್ತೆ."

ಪುಟ ಕಟ್ಟುವ ಆ ಹೊಸ ವಿಧಾನವನ್ನು ಮೇಷ್ಟ್ರು ಕಲಿತರು. ಮೀಸೆ ಮೂಡದ ಹುಡುಗರ ವಿಡಿಯೊ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಒಂದು ಆವೃತ್ತಿ ತಲೆಗೆ ಹತ್ತುವಷ್ಟರಲ್ಲಿ ಇನ್ನೊಂದು ಬಂದು ಬರೆದದ್ದನ್ನೆಲ್ಲ ಹೊಡೆದು ಹಾಕುತ್ತಿತ್ತು.

"ನಿಮ್ಮ ಪರೀಕ್ಷೆ ಮುಗಿಯೋದು ಯಾವಾಗ?" ಎಂದು ಹೆಂಡತಿ ಛೇಡಿಸಿದಾಗ, "ಪಠ್ಯ ಬದಲಾಗೋದು ನಿಂತಾಗ," ಎಂದಿದ್ದರು. ಇಬ್ಬರೂ ನಕ್ಕಿದ್ದರು. ಆದರೆ ಒಳಗೊಳಗೆ ಅವರಿಗೆ ಭಯವಾಗಿತ್ತು.

ಇಂಥ ಪುಟಗಳು ನಿಲ್ಲುವುದು ಯಾರೋ ಬರೆದಿಟ್ಟ ನೂರಾರು ಸಾಫ್ಟ್‌ವೇರ್ ಸಲಕರಣೆಗಳ ಮೇಲೆ. ಅವುಗಳ ಪಟ್ಟಿಯಲ್ಲಿ ಆವೃತ್ತಿಯ ಅಂಕಿಗೆ ಮುಂಚೆ ಒಂದು ಪುಟ್ಟ ಗುರುತಿದ್ದರೆ ಹೊಸತು ತಾನಾಗಿಯೇ ಒಳಗೆ ಬರುತ್ತದೆ, ಅಳಿಸಿದರೆ ಬರುವುದಿಲ್ಲ. ಮೇಷ್ಟ್ರು ಎಂದೂ ಅಳಿಸದೆ ಬಿಟ್ಟವರಲ್ಲ. ಮನೆಯ ಬಾಗಿಲನ್ನೂ ಮೂರು ಸಲ ಜಗ್ಗಿ ನೋಡಿಯೇ ಹೊರಡುವ ಮನುಷ್ಯ. ಆಫೀಸಿನಲ್ಲಿ ಹಾಗೆ ಗುರುತು ಅಳಿಸುವುದಕ್ಕೆ 'ಮೇಷ್ಟ್ರ ಬೀಗ' ಎಂದೇ ಹೆಸರು.

"ಎಲ್ಲಕ್ಕೂ ಬೀಗ ಜಡಿದ್ರೆ ಹೊಸದು ಬರೋದು ಹೇಗೆ ಮೇಷ್ಟ್ರೇ?" ಎಂದು ಹೋದ ತಿಂಗಳು ಆ ಶಿಷ್ಯೆಯೇ ಎಲ್ಲರೆದುರು ನಕ್ಕಿದ್ದಳು. ಅದು ಚುಚ್ಚಿತ್ತು. ಹಳೇ ಕಾಲದವನು ಅನ್ನಿಸಿಕೊಳ್ಳಬಾರದೆಂದು, ಇದೊಂದು ಸಲ, ಅವರು ಆ ಗುರುತನ್ನು ಹಾಗೇ ಬಿಟ್ಟಿದ್ದರು.

ಇವತ್ತು ಬೆಳಗ್ಗೆ ಎಂಟೂವರೆಗೆ ಅಂಥದೊಂದು ಸಲಕರಣೆಯ ಹೊಸ ಆವೃತ್ತಿ ಬಿಡುಗಡೆಯಾಗಿತ್ತು. ಹತ್ತು ಗಂಟೆಗೆ ಈ ಕೋಣೆಯ ಕಂಪ್ಯೂಟರಿನಲ್ಲಿ ಪುಟಗಳನ್ನು ಹೊಸದಾಗಿ ಜೋಡಿಸಿದಾಗ ಅದು ಸದ್ದಿಲ್ಲದೆ ಒಳಗೆ ಬಂದು, ಉಳಿದವಕ್ಕೆ ಹೊಂದದೆ ಪುಟವನ್ನೇ ಕೆಡಿಸಿತ್ತು. ಮೂರು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

"ಹತ್ತು ನಿಮಿಷ ಕೊಡಿ."

ಮೇಲಿನವರು ಗಡಿಯಾರ ನೋಡಿ ಎದ್ದರು. ಉಳಿದವರು ಅವರ ಹಿಂದೆಯೇ ಹೋದರು. ಅವಳೊಬ್ಬಳು ಬಾಗಿಲ ಹತ್ತಿರ ನಿಂತಳು.

"ಬೀಗ ಹಾಕಿರ್ಲಿಲ್ವಾ?"

"ಇಲ್ಲಮ್ಮ."

ನೀನೇ ನಕ್ಕಿದ್ದೆಯಲ್ಲ ಎನ್ನದೆ ಅವರು ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಬೀಗ ಹಾಕೋದನ್ನ ನನಗೆ ಕಲಿಸಿದ್ದೇ ನೀವು," ಎಂದಳು ಅವಳು. ದನಿಯಲ್ಲಿ ಕೋಪವಿರಲಿಲ್ಲ. "ಅವರು ನೋಡಿಬಿಟ್ರು ಮೇಷ್ಟ್ರೇ. ಇನ್ನು ನನ್ನ ಕೈಲಿ ಏನೂ ಇಲ್ಲ."

ಬಾಗಿಲು ಮುಚ್ಚಿಕೊಂಡಿತು. ಮೇಷ್ಟ್ರು ಸಲಕರಣೆಗಳ ಪಟ್ಟಿ ತೆರೆದು, ಹಳೆಯ ಆವೃತ್ತಿಯ ಅಂಕಿ ಬರೆದು, ಗುರುತು ಅಳಿಸಿ ಕೀಲಿ ಒತ್ತಿದರು. ನಿಮಿಷ ಕಳೆಯುವುದರೊಳಗೆ ಪುಟ ಬಂತು: ಹಸಿರು ಪಟ್ಟಿ, ವೈದ್ಯರ ಸಾಲು, ಇಪ್ಪತ್ತು ದಿನ ಗುದ್ದಾಡಿದ ಕ್ಯಾಲೆಂಡರ್. ಒಂದು ತಾರೀಕು ಒತ್ತಿದರು. 'ಯಾರನ್ನು ಕಾಣಬೇಕು?' ಎಂದು ಅದು ಕೇಳಿತು.

ಅವರು ಅಲುಗದೆ ಕೂತರು. ಜನ ಇಲ್ಲವೆಂದುಕೊಂಡು ಕೋಣೆಯ ದೀಪಗಳು ತಾವಾಗಿಯೇ ಆರಿದವು. ಪರದೆಯ ಹಸಿರು ಬೆಳಕು ಆರು ಖಾಲಿ ಕುರ್ಚಿಗಳ ಮೇಲೆ ಬಿದ್ದಿತ್ತು.